ಬೀಜಾಡಿಯ ಮಳೆಗಾಲಕ್ಕೆ ಹೊಸ ಆಟಗಳು



ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಪಡುಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿಯಲ್ಲಿ ಬೋಟುಗಳು ದಡ ಸೇರಿರುತ್ತವೆ. ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿ ಆಗಿರುತ್ತದೆ. ಕೋಟೇಶ್ವರ ದಾಟಿ ತೆಂಕು ಮುಖವಾಗಿ ಬಂದು, ಹೆದ್ದಾರಿಯಿಂದ ಕಡಲ ಕಡೆ ತಿರುಗಿದರೆ ಸಿಗುವ ನಮ್ಮ ಬೀಜಾಡಿಯಲ್ಲಿ ಆ ದಿನಗಳಲ್ಲಿ ಜನ ಮನೆಯೊಳಗಿರುತ್ತಾರೆ. ಅಜ್ಜಯ್ಯ, ಅಮ್ಮಮ್ಮ, ಶಾಲೆಗೆ ಮಳೆ ರಜೆ ಸಿಕ್ಕಿದ ಮಕ್ಕಳು, ಬೆಂಗಳೂರಿನ ಕಂಪೆನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ ಎಂದು ಬಂದ ಅಳಿಯ, ಎಲ್ಲರೂ ಒಂದೇ ಚಾವಡಿಯಲ್ಲಿ. ಹೊಸ ಆಟವೊಂದನ್ನು ಪರೀಕ್ಷೆಗೆ ಒಡ್ಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೊರಗೆ ಉಪ್ಪುಗಾಳಿ, ಒಳಗೆ ತೇವ, ಹೇಳದೆ ಕೇಳದೆ ಹೋಗುವ ಕರೆಂಟು, ಎಂಟು ವರ್ಷದವನಿಂದ ಎಂಬತ್ತು ವರ್ಷದವರವರೆಗಿನ ಆಟಗಾರರು. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರ, ಯೂಟ್ಯೂಬಿನ ಹೊಗಳಿಕೆ ಇವೆಲ್ಲ ಇಲ್ಲಿ ಒಂದು ವಾರವೂ ನಿಲ್ಲುವುದಿಲ್ಲ. ಹೊಸ ಆಟ ಯಾವುದು ಬಂದರೂ, ವಿಡಿಯೋ ಗೇಮಿರಲಿ, ಮಣೆಯ ಮೇಲಿನ ಆಟವಿರಲಿ, ಅದರ ಉಪಕರಣವಿರಲಿ, ನಾನು ಅದನ್ನು ಮೊದಲು ಮಳೆಗಾಲಕ್ಕೆ ಒಪ್ಪಿಸಿ ನೋಡುವವನು.

ಈ ಪರೀಕ್ಷೆಯಲ್ಲಿ ಯಾವಾಗಲೋ ಪಾಸಾದ ಆಟ ನಮ್ಮಲ್ಲಿದೆ. ಚೆನ್ನೆಮಣೆ. ಹಲಸಿನ ಹಲಗೆಯಲ್ಲಿ ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಬೀಜ. ಮಂಜೊಟ್ಟಿಯ ಕೆಂಪು ಬೀಜ ಸಿಕ್ಕರೆ ಚೆಂದ, ಇಲ್ಲದಿದ್ದರೆ ಹುಣಸೆಬೀಜವೂ ಆದೀತು. ಮರ ತೇವ ಕುಡಿದರೂ ಗುಳಿ ಗುಳಿಯೇ, ಬೀಜ ಬೀಜವೇ. ಚಿಮಿಣಿ ದೀಪದ ಬೆಳಕಿನಲ್ಲೂ ಆಡಬಹುದು. ಕಣ್ಣು ಮಂಜಾದವರು ಬೆರಳಿನಿಂದಲೇ ಗುಳಿ ಸವರಿ ಎಷ್ಟಿದೆಯೆಂದು ಹೇಳುತ್ತಾರೆ. ಒಂದು ಬೀಜ ಕಳೆದುಹೋದರೆ ಅಂಗಳದಲ್ಲಿ ಇನ್ನೊಂದು ಸಿಗುತ್ತದೆ. ಹೊಸ ಆಟಗಳ ತಯಾರಕರು ಬಿಡಿಭಾಗ ಬೇಕೆಂದವರಿಗೆ ಮಿಂಚಂಚೆ ಬರೆಯಲು ಹೇಳುತ್ತಾರಲ್ಲ, ಆಗೆಲ್ಲ ನನಗೆ ಈ ಹುಣಸೆಬೀಜ ನೆನಪಾಗುತ್ತದೆ.

ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಚೆನ್ನೆ ಆಡಬೇಕು, ಉಳಿದ ದಿನ ಮಣೆ ಅಟ್ಟದಲ್ಲಿರಬೇಕು ಎಂಬ ಕಟ್ಟಳೆ ತುಳುನಾಡಿನ ಹಲವು ಕಡೆ ಇದೆ. ಗದ್ದೆ ಕೆಲಸದ ದಿನಗಳಲ್ಲಿ ಯಾರೂ ಮಣೆಗೆ ಅಂಟಿಕೊಳ್ಳಬಾರದು ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬಹುದು. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ: ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು. ಸಿರಿ ಪಾಡ್ದನ ಎಂಬ ತುಳು ಹಾಡುಗಥೆಯಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತ ಆಡುತ್ತ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆಯುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಆಟ ತಲೆಗೇರಿದರೆ ಏನಾಗುತ್ತದೆ ಎಂಬ ಆತಂಕ ಮೊಬೈಲಿನ ಜೊತೆ ಹುಟ್ಟಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ನಮ್ಮವರು ಅದಕ್ಕಾಗಿ ಮಣೆಯನ್ನು ಒಲೆಗೆ ಹಾಕಲಿಲ್ಲ. ಯಾವಾಗ ಆಡಬೇಕು, ಯಾರ ಜೊತೆ ಆಡಬೇಕು ಎಂದು ಗೆರೆ ಹಾಕಿದರು.

ಚೆನ್ನೆಯ ಬಂಧುಗಳು ಆಫ್ರಿಕದಲ್ಲಿ ತುಂಬ ಇವೆ. 12 ಗುಳಿಗೆ ನಾಲ್ಕರಂತೆ 48 ಬೀಜ ಹಾಕಿ ಆಡುವ ಅವಾರಿ ಎಂಬ ಆಟವನ್ನು ಆಂಸ್ಟರ್‌ಡಾಮಿನ ಜಾನ್ ರೊಮೈನ್, ಹೆನ್ರಿ ಬಾಲ್ ಎಂಬ ಇಬ್ಬರು ಗಣಕ ವಿಜ್ಞಾನಿಗಳು 2002ರಲ್ಲಿ ಪೂರ್ತಿಯಾಗಿ ಬಿಡಿಸಿದರು. 144 ಪ್ರೊಸೆಸರುಗಳನ್ನು ಜೋಡಿಸಿ ಸುಮಾರು 88,900 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕಿದ ಮೇಲೆ ಸಿಕ್ಕಿದ ಉತ್ತರ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ. ಈ ಸಂಗತಿಯನ್ನು ನಾನು ನಮ್ಮ ದೊಡ್ಡಮ್ಮನಿಗೆ ಹೇಳಿದೆ. ಅವರು ಮಣೆಯ ಗುಳಿಗಳಿಗೆ ಬೀಜ ಬಿತ್ತುವುದನ್ನು ನಿಲ್ಲಿಸದೆಯೇ, "ತಪ್ಪಿಲ್ದೆ ಆಡುವರ್ ಯಾರಿದ್ರ್ ಮರ‍್ರೆ?" ಎಂದರು. ಆಟದ ಗಣಿತದ ಬಗ್ಗೆ ಇದಕ್ಕಿಂತ ಚೊಕ್ಕ ವಿಮರ್ಶೆ ನಾನು ಓದಿಲ್ಲ.

ಇನ್ನು ಕೇರಂ. ಇದು ಮಳೆಗಾಲದಲ್ಲಿ ಅರ್ಧ ಪಾಸು, ಅರ್ಧ ಫೇಲು. 74 ಸೆಂಟಿಮೀಟರ್ ಚೌಕದ ಪ್ಲೈವುಡ್ ತೇವ ಹೀರಿ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದರೂ ಸಾಕು, 15 ಗ್ರಾಮಿನ ಸ್ಟ್ರೈಕರ್ ದಾರಿ ತಪ್ಪುತ್ತದೆ. ಬೋರಿಕ್ ಪೌಡರ್ ಹುಡಿಯಾಗಿ ಉಳಿಯದೆ ಮುದ್ದೆಯಾಗುತ್ತದೆ. ಊರಿನ ಯುವಕ ಮಂಡಲಗಳಲ್ಲಿ ಹಿಂದೆ ಬೋರ್ಡಿನ ಮೇಲೆ ತೀರ ತಗ್ಗಿಗೆ ಒಂದು 100 ವ್ಯಾಟಿನ ಬಲ್ಬು ಇಳಿಬಿಡುತ್ತಿದ್ದರು, ತಗಡಿನ ಟೊಪ್ಪಿಯ ಸಮೇತ. ಅದು ಬರೀ ಬೆಳಕಿಗೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಆ ಜಾಗಕ್ಕೆ ಎಲ್‌ಇಡಿ ಬಂದ ಮೇಲೆ ಬೆಳಕು ಹೆಚ್ಚಾಯಿತು, ಪಾನುಗಳು ಮಾತ್ರ ಜಾರದಾದವು. ಹಳೆಯ ಬಲ್ಬು ತಿನ್ನುತ್ತಿದ್ದ ಕರೆಂಟಿನ ಬಹುಪಾಲು ಶಾಖವಾಗಿ ಇಳಿದು ಬೋರ್ಡನ್ನು ಒಣಗಿಸುತ್ತಿತ್ತು. ಎಲ್‌ಇಡಿಗೆ ಆ ಗುಣವಿಲ್ಲ. ಕೇರಂ ಆಡುವವರ ಮನೆಯಲ್ಲಿ ಒಂದು ಹಳೆಯ ಬಲ್ಬು ಉಳಿದಿದ್ದರೆ ಎಸೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಆಟದ ಉಪಕರಣ ಎಂದರೆ ಬಣ್ಣಬಣ್ಣದ ದೀಪ ಮಿನುಗುವ ಕೀಬೋರ್ಡೇ ಆಗಬೇಕೆಂದಿಲ್ಲ.

ವಿಡಿಯೋ ಗೇಮು ನಮ್ಮ ಕಡೆಗೆ ಬಂದದ್ದು 1990ರ ದಶಕದಲ್ಲಿ, ಟಿವಿಯ ಬೆನ್ನೇರಿ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋದ ಮಕ್ಕಳು ಕಬ್ಬಿನ ಕೊಡಿಯ ಜೊತೆ ಅಂಗೈಯಗಲದ ಬ್ರಿಕ್ ಗೇಮ್ ತರುತ್ತಿದ್ದರು. ರಷ್ಯದ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಕಟ್ಟಿದ ಟೆಟ್ರಿಸ್, ಅವನ ಹೆಸರೂ ಇಲ್ಲದೆ, ಎರಡು ಪೆನ್ಸಿಲ್ ಸೆಲ್ಲಿನ ಬಲದಲ್ಲಿ ನಮ್ಮ ಜಾತ್ರೆಗೆ ತಲುಪಿತ್ತು. ದುಬೈ, ಮುಂಬಯಿಯಲ್ಲಿ ಮಾವಂದಿರಿದ್ದವರ ಮನೆಗೆ ಕ್ಯಾಸೆಟ್ ಹಾಕುವ ಗೇಮು ಬಂತು. 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಯಂತ್ರವೊಂದರ ನಕಲು ಅದು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟ ಎಂದು ಬರೆದಿರುತ್ತಿತ್ತು. ಒಳಗೆ ಮಾರಿಯೋ, ಕಾಂಟ್ರಾ ಸೇರಿ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿ ಸುತ್ತುತ್ತಿದ್ದವು. ಪರದೆಯ ಮೇಲೆ ಗೆರೆ ಬಂದರೆ ಕ್ಯಾಸೆಟ್ ಕಿತ್ತು ಬಾಯಿಯಿಂದ ಊದುವುದು ಎಲ್ಲರೂ ಬಲ್ಲ ಮದ್ದು. ಘಟ್ಟದ ಮೇಲಿನವರಿಗೆ ಅದು ನಡೆದೀತು. ಕಡಲ ಬದಿಯಲ್ಲಿ ಊದುವುದೆಂದರೆ ಉಪ್ಪಿಗೆ ಉಗುಳು ಸೇರಿಸಿದ ಹಾಗೆ. ತಾಮ್ರದ ಹಲ್ಲುಗಳ ಮೇಲೆ ಹಸಿರು ಕಿಲುಬು ಏಳುತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಶಾಲೆಯ ಕಂಪಾಸು ಪೆಟ್ಟಿಗೆಯ ರಬ್ಬರು. ಆ ಹಲ್ಲುಗಳನ್ನು ರಬ್ಬರಿನಿಂದ ಹದವಾಗಿ ಉಜ್ಜಿ, ಹುಡಿ ಕೊಡವಿ ಹಾಕಿದರೆ ಮಾರಿಯೋ ಎದ್ದು ಕೂರುತ್ತಿದ್ದ.

ಮೂವತ್ತು ವರ್ಷ ಕಳೆದರೂ ಉಪ್ಪುಗಾಳಿಗೆ ವಯಸ್ಸಾಗಿಲ್ಲ. ಇವತ್ತಿನ ಕಂಟ್ರೋಲರಿನ ಹೆಬ್ಬೆರಳ ಕಡ್ಡಿಯ ಅಡಿಯಲ್ಲಿ ಕರಿಯ ಇಂಗಾಲದ ಪಟ್ಟಿಯೊಂದಿರುತ್ತದೆ. ಅದರ ಮೇಲೆ ಒಂದು ಲೋಹದ ನಾಲಗೆ ಉಜ್ಜಿಕೊಂಡು ಓಡಾಡುತ್ತದೆ. ಪಟ್ಟಿ ಸವೆದರೆ, ನಾಲಗೆಗೆ ಕೊಳೆ ಹಿಡಿದರೆ, ಮುಟ್ಟದಿದ್ದರೂ ಪರದೆಯ ಬೊಂಬೆ ನಡೆಯತೊಡಗುತ್ತದೆ. ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಗಾಬರಿಯಿಂದ ಕೂಗಿದ: "ಮಾವ, ಇದ್ ತನ್ನಷ್ಟಕೇ ಹೋತಿತ್ತ್!" ಬೀಜಾಡಿಯಲ್ಲಿ ಇದು ಭೂತದ ಕಾಟವಲ್ಲ, ತೇವದ ಕಾಟ. ಇದಕ್ಕೆ ಪರಿಹಾರವಾಗಿ ಈಗ ಅಯಸ್ಕಾಂತದ ಕಡ್ಡಿಗಳು ಬಂದಿವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮದ ಮೇಲೆ ನಡೆಯುವ ಇವುಗಳಲ್ಲಿ ಉಜ್ಜುವ ಭಾಗವೇ ಇಲ್ಲ. ಹೊಸದೇನೂ ಅಲ್ಲ, 1998ರ ಡ್ರೀಮ್‌ಕಾಸ್ಟ್ ಯಂತ್ರದ ಕಂಟ್ರೋಲರಿನಲ್ಲೂ ಇದೇ ತಂತ್ರವಿತ್ತು. ಕಡಲ ಬದಿಯವರು ಕಂಟ್ರೋಲರ್ ಕೊಳ್ಳುವುದಾದರೆ 'ಹಾಲ್ ಎಫೆಕ್ಟ್' ಎಂಬ ಎರಡು ಪದ ಪೆಟ್ಟಿಗೆಯ ಮೇಲಿದೆಯೇ ನೋಡಿಕೊಳ್ಳಿ ಎನ್ನುತ್ತೇನೆ. ಉಳಿದ ದೀಪಾಲಂಕಾರಕ್ಕೆ ಕೊಡುವ ದುಡ್ಡು ದಂಡ.

ಹೆಡ್‌ಫೋನಿನ ಕಥೆ ಇನ್ನೂ ಬೇಗ ಮುಗಿಯುತ್ತದೆ. ಕಿವಿಯ ಮೇಲೆ ಕೂರುವ ಮೆತ್ತೆಗೆ ಹೊದಿಸಿದ ಕೃತಕ ಚರ್ಮ ತೇವಕ್ಕೆ ಒಡೆದು ಕರಿಯ ಹುಪ್ಪಳಿಕೆಯಾಗಿ ಉದುರುತ್ತದೆ. ಬಟ್ಟೆ ಹೊದಿಸಿದ್ದು ಹೆಚ್ಚು ಬಾಳುತ್ತದೆ, ತೊಳೆಯಲೂ ಬರುತ್ತದೆ. ಮೌಸಿನ ಮೈಗೆ ರಬ್ಬರಿನ ಲೇಪ ಇದ್ದರೆ ಎರಡನೇ ಮಳೆಗಾಲಕ್ಕೆ ಅದು ಹಲಸಿನ ಮೇಣ. ಸಾದಾ ಪ್ಲಾಸ್ಟಿಕ್ಕೇ ಒಳ್ಳೆಯದು. ಗೇಮಿನ ಯಂತ್ರವನ್ನು ಬಳಸದ ದಿನಗಳಲ್ಲಿ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಬೇಕು. ಗುಡುಗು ಕೇಳಿಸಿದ ಕೂಡಲೇ ಪ್ಲಗ್ಗು, ಕೇಬಲ್ಲು ಎರಡನ್ನೂ ಎಳೆಯಬೇಕು ಎಂಬುದನ್ನು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಮೋಡೆಮ್ಮು ಸುಟ್ಟ ಮನೆಗಳೇ ಅದನ್ನು ಕಲಿಸಿವೆ.

ಹೊಸ ವಿಡಿಯೋ ಗೇಮನ್ನು ಕೊಳ್ಳುವ ಮೊದಲು ಆಡಿ ನೋಡಲು ದಾರಿಗಳಿವೆ. ಸ್ಟೀಮ್ ಎಂಬ ಅಂತರಜಾಲ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಅನೇಕ ಆಟಗಳಿಗೆ ಪುಕ್ಕಟೆ ಮಾದರಿಯೂ ಸಿಗುತ್ತದೆ. ತೊಡಕಿರುವುದು ಬೇರೆ ಕಡೆ. ದೊಡ್ಡ ಆಟವೊಂದು 60 ಜಿಬಿ ಎಂದರೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನಿನಲ್ಲಿ ಅದನ್ನು ಇಳಿಸಿಕೊಳ್ಳಲು ಒಂದು ತಿಂಗಳು ಬೇಕು. ಇಳಿಸುವುದೇ ಆಟವಾಗಿಬಿಡುತ್ತದೆ. ಹಾಗಾಗಿ ನಾನು ಹುಡುಕುವುದು ಸಣ್ಣ ಗಾತ್ರದ, ನೆಟ್‌ವರ್ಕ್ ಬೇಡದ, ಒಂದೇ ಟಿವಿಯ ಮುಂದೆ ಮೂರು ನಾಲ್ಕು ಜನ ಕೂತು ಆಡುವ ಆಟಗಳನ್ನು.

ಅಂಥ ಒಂದು ಆಟ ನಮ್ಮ ಚಾವಡಿಯಲ್ಲಿ ಭರ್ಜರಿ ಗೆದ್ದಿತು. ಹೆಸರು ಓವರ್‌ಕುಕ್ಡ್, 2016ರದ್ದು. ಇಂಗ್ಲೆಂಡಿನಲ್ಲಿ ಇಬ್ಬರೇ ಕಟ್ಟಿದ ಪುಟ್ಟ ಕಂಪೆನಿಯೊಂದರ ಆಟ. ಪರದೆಯ ಮೇಲೊಂದು ಅಡುಗೆಮನೆ. ಆರ್ಡರುಗಳು ಬರುತ್ತಲೇ ಇರುತ್ತವೆ. ಒಬ್ಬ ತರಕಾರಿ ಹೆಚ್ಚಬೇಕು, ಒಬ್ಬ ಬೇಯಿಸಬೇಕು, ಒಬ್ಬ ಬಡಿಸಬೇಕು, ಎಂಜಲು ತಟ್ಟೆ ವಾಪಸ್ ಬಂದರೆ ತೊಳೆಯಬೇಕು. ಒಲೆಯ ಮೇಲಿದ್ದದ್ದನ್ನು ಮರೆತರೆ ಬೆಂಕಿ. ಮಕ್ಕಳು ಮೂವರೂ ಒಟ್ಟಿಗೆ ಒಲೆಗೆ ನುಗ್ಗುತ್ತಿದ್ದರು, ಡಿಕ್ಕಿ ಹೊಡೆಯುತ್ತಿದ್ದರು, ಸೋಲುತ್ತಿದ್ದರು. ಪಕ್ಕದ ಮನೆಯ ಅಣ್ಣಯ್ಯ ಚಾವಡಿಯ ಕಂಬಕ್ಕೆ ಒರಗಿ ನೋಡುತ್ತಿದ್ದರು. ಬೆಂಗಳೂರಿನ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ದೋಸೆ ಭಟ್ರಾಗಿ ನಿವೃತ್ತರಾದವರು. ಅವರಿಗೆ ತಡೆಯಲಾಗಲಿಲ್ಲ. "ತಟ್ಟೆ ತೊಳುಕೆ ಒಬ್ಬ ಬೇಕ್ ಮಾಣಿ, ಅವ ಅಲ್ಲಿಂದ ಅಲುಗುಕಾಗ. ತಟ್ಟೆ ಇಲ್ದಿರೆ ಭಟ್ರ್ ಎಂತ ಮಾಡ್ತ್ರ್?" ಕಂಟ್ರೋಲರ್ ಕೈಯಲ್ಲಿ ಹಿಡಿಯದೆಯೇ ಅವರು ಮೂವರಿಗೂ ಜಾಗ ಗೊತ್ತು ಮಾಡಿದರು. ಒಬ್ಬ ಸಿಂಕಿನ ಬಳಿ, ಒಬ್ಬಳು ಒಲೆಯ ಬಳಿ, ನಡುವೆ ಓಡುವವ ಒಬ್ಬನೇ. ಮೂರು ನಕ್ಷತ್ರ ಬಿತ್ತು. ಕುಂದಾಪುರದ ಕಡೆಯ ಸಾವಿರಾರು ಮನೆಗಳ ಅನ್ನ ಹೋಟೆಲ್ ಅಡುಗೆಮನೆಯಿಂದ ಬಂದದ್ದು. ಆ ವಿದ್ಯೆಗೆ ಒಂದು ವಿಡಿಯೋ ಗೇಮಿನಲ್ಲಿ ಬೆಲೆ ಬಂತಲ್ಲ ಎಂದು ನನಗೆ ಸಣ್ಣಗೆ ಹೆಮ್ಮೆಯಾಯಿತು.

ಮೊಬೈಲಿನ ಆಟಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಉದ್ದವಾಗಿ ಹೇಳಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾಯಿತು. ಮರುವರ್ಷ ಅದೇ ಆಟ ಇನ್ನೊಂದು ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ತಡೆ, 2023ರಲ್ಲಿ ಮತ್ತೆ ಬಿಡುಗಡೆ. ಇದರಲ್ಲಿ ಹುಡುಗರು ಕಲಿತದ್ದು ತಾಳ್ಮೆ ಒಂದನ್ನೇ. ನಾನು ಚಿಂತೆ ಮಾಡುವುದು ಗುಂಡು ಹಾರಿಸುವ ಆಟಗಳಿಗಿಂತ ಹೆಚ್ಚಾಗಿ ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರುಗಳ ಬಗ್ಗೆ. ಕರ್ನಾಟಕ 2021ರಲ್ಲಿ ಅವನ್ನು ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಹಣವಿಲ್ಲದ ಆಟಗಳನ್ನೂ ಇ-ಕ್ರೀಡೆಯನ್ನೂ ಅದು ಬೇರೆಯಾಗಿ ನೋಡುತ್ತದೆ. ನಮ್ಮ ಊರಿನಲ್ಲಿ ಈ ವ್ಯತ್ಯಾಸ ಹಳೆಯದು. ಮದುವೆಮನೆಯಲ್ಲಿ ರಾತ್ರಿಯಿಡೀ ಇಸ್ಪೀಟಿನ ಇಪ್ಪತ್ತೆಂಟು ಆಡಿದರೆ ಯಾರೂ ಏನೂ ಅನ್ನುವುದಿಲ್ಲ. ಹಾಡಿಯ ಮರೆಯಲ್ಲಿ ಅಂದರ್ ಬಾಹರ್ ಶುರುವಾದರೆ ಪೊಲೀಸರ ಜೀಪು ಬರುತ್ತದೆ. ಎಲೆ ಎರಡೂ ಕಡೆ ಅದೇ.

ಈಗ ಮಣೆಯ ಮೇಲಿನ ಹೊಸ ಆಟಗಳಿಗೆ ಬರೋಣ. ನನಗೆ ಹೆಚ್ಚು ರುಚಿ ಇರುವುದು ಇದರಲ್ಲೇ. ಜರ್ಮನಿಯ ಎಸ್ಸೆನ್ ಎಂಬ ಊರಿನಲ್ಲಿ 1983ರಿಂದ ಆಟಗಳ ಜಾತ್ರೆಯೊಂದು ನಡೆಯುತ್ತ ಬಂದಿದೆ. ಜನ ಮಾರಾಟದ ಮಳಿಗೆಗಳ ಮುಂದೆಯೇ ಮೇಜಿಗೆ ಕೂತು, ಹೊಸ ಆಟವನ್ನು ಆಡಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಅಲ್ಲಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದದ್ದಿದೆ. ಬೆಂಗಳೂರಿನಲ್ಲೂ ಈಗ ಬೋರ್ಡ್ ಗೇಮ್ ಕೆಫೆಗಳಿವೆ. ಕಾಫಿ ಕುಡಿಯುತ್ತ ಕಪಾಟಿನಿಂದ ಯಾವ ಆಟವನ್ನಾದರೂ ಇಳಿಸಿ ಆಡಬಹುದು. ನಮಗೆ ಆ ಆಟಗಳು ತಲುಪುವುದು ರಾತ್ರಿ ಬಸ್ಸಿನಲ್ಲಿ, ರಜೆಗೆ ಬರುವ ಮಕ್ಕಳ ಬ್ಯಾಗಿನಲ್ಲಿ.

ಮೊದಲು ಬಂದದ್ದು ಕಟಾನ್. ಕ್ಲೌಸ್ ಟೋಯ್ಬರ್ ಎಂಬ ಜರ್ಮನ್ 1995ರಲ್ಲಿ ತಂದ ಆಟ. 19 ಷಟ್ಕೋನದ ಬಿಲ್ಲೆಗಳನ್ನು ಜೋಡಿಸಿ ಒಂದು ದ್ವೀಪ ಮಾಡಬೇಕು. ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಇವನ್ನು ಕೊಟ್ಟು ತೆಗೆದುಕೊಂಡು ದಾರಿ, ಮನೆ ಕಟ್ಟಬೇಕು. ಕೊಡುಕೊಳ್ಳುವ ಮಾತು ಶುರುವಾದದ್ದೇ ತಡ, ನಮ್ಮ ಹೆಂಗಸರು ಆಟವನ್ನು ಕೈಗೆ ತೆಗೆದುಕೊಂಡರು. ಒಂದು ಉಣ್ಣೆಗೆ ಎರಡು ಇಟ್ಟಿಗೆ ಕೊಡುವ ಪೆದ್ದ ಅಲ್ಲಿ ಯಾರೂ ಇರಲಿಲ್ಲ. ಆದರೆ ನಿಯಮದ ಪುಸ್ತಕ ಓದಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ, "ಆಡುಕೆ ಕೂಕಂಡದ್ದಾ, ಓದುಕೆ ಕೂಕಂಡದ್ದಾ?" ಎಂದು ಎರಡು ಸಲ ಕೇಳಿಯಾಗಿತ್ತು. ಆಷಾಢಕ್ಕೆ ರಟ್ಟಿನ ಬಿಲ್ಲೆಗಳು ಹಪ್ಪಳದಂತೆ ಮುರುಟಿ ಚೌಕಟ್ಟಿನೊಳಗೆ ಕೂರಲೇ ಇಲ್ಲ. ಕಟಾನ್ ನಮ್ಮಲ್ಲಿ ಬೇಸಗೆಯ ಆಟವಾಗಿ ಉಳಿಯಿತು.

ಮಳೆಗಾಲ ಗೆದ್ದದ್ದು ಅಝುಲ್. ಮಿಖಾಯೆಲ್ ಕೀಸ್ಲಿಂಗ್ ರಚಿಸಿದ ಇದಕ್ಕೆ 2018ರಲ್ಲಿ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಬಂದಿದೆ. ಐದು ಬಣ್ಣದ 100 ಹೆಂಚುಬಿಲ್ಲೆಗಳು, ಒಂದು ಬಟ್ಟೆಯ ಚೀಲ. ಬಿಲ್ಲೆಗಳನ್ನು ಆಯ್ದು ನಿಮ್ಮ ಗೋಡೆಗೆ ಚಿತ್ತಾರವಾಗಿ ಕೂರಿಸಬೇಕು. ಬಿಲ್ಲೆ ಗಟ್ಟಿ, ನೀರಿಗೆ ಹೆದರುವುದಿಲ್ಲ. ಅದರ ಮೇಲೆ ಅಕ್ಷರವಿಲ್ಲ, ಬಣ್ಣವಷ್ಟೇ. ಹಾಗಾಗಿ ಇಂಗ್ಲಿಷ್ ಬಾರದವರು ಬಂದವರಿಗಿಂತ ಒಂದು ಚೂರೂ ಹಿಂದೆ ಬೀಳುವುದಿಲ್ಲ. ಆಟದ ಕಥೆಯ ಪ್ರಕಾರ ಈ ಹೆಂಚಿನ ಗೋಡೆ ಮಾಡಿಸುವವನು ಪೋರ್ಚುಗಲ್ಲಿನ ದೊರೆ ಒಂದನೇ ಮನುಯೆಲ್. 1498ರಲ್ಲಿ ವಾಸ್ಕೋ ಡ ಗಾಮ ನಮ್ಮ ಕಡಲಿಗೆ ಬಂದದ್ದು ಇದೇ ದೊರೆಯ ಹಡಗಿನಲ್ಲಿ. ಆಮೇಲೆ ಅವನ ನಾಡಿನವರು ಬಸ್ರೂರಿನ ಬದಿಯಲ್ಲಿ ಕೋಟೆ ಕಟ್ಟಿ ಅಕ್ಕಿ ವ್ಯಾಪಾರಕ್ಕೆ ಕೂತರು. ಆ ರಾಜನ ಗೋಡೆಗೆ ಬೀಜಾಡಿಯ ಅಮ್ಮಮ್ಮ ಹೆಂಚು ಅಂಟಿಸುತ್ತಿರುವುದನ್ನು ನೋಡಲು ನನಗೆ ಒಂಥರಾ ಖುಷಿ.

ಜಾಣತನವೊಂದೇ ಆಟವನ್ನು ಉಳಿಸುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಉದಾಹರಣೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು, 1868ರಲ್ಲಿ ತೀರಿಕೊಂಡವರು, ಹೊಸ ಆಟಗಳನ್ನು ಕಟ್ಟುವುದರಲ್ಲಿ ಅಸಾಧ್ಯ ಆಸಕ್ತಿಯಿದ್ದ ದೊರೆ. 'ಶ್ರೀತತ್ತ್ವನಿಧಿ' ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಅವರ ಆಟಗಳ ವಿವರಗಳಿವೆ. ಗಂಜೀಫಾ ಎಲೆಗಳಲ್ಲಿ 360 ಎಲೆಯ ಆಟವನ್ನೂ ಅವರು ರೂಪಿಸಿದ್ದರು. ಅಷ್ಟು ಎಲೆಗೆ ಚಿತ್ರ ಬರೆಸಲು, ಅಷ್ಟನ್ನೂ ನೆನಪಿಟ್ಟು ಆಡಲು ಅರಮನೆಯೇ ಬೇಕು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನದಲ್ಲಿ ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಇವುಗಳ ಹೊಸ ಮಣೆ, ಹಾಸು, ಕಾಯಿಗಳನ್ನು ಜನರ ಮುಂದಿಟ್ಟರು. ಚೌಕಾಬಾರದ ಹಾಸು ಕೊಂಡವರು ಮನೆಗೆ ಬಂದ ದಿನವೇ ಆಡಿಯಾರು. 360 ಎಲೆಯ ಆಟಕ್ಕೆ ಕೈಹಾಕುವವರನ್ನು ನಾನು ಇನ್ನೂ ಕಾಣಬೇಕಷ್ಟೆ.

ಪರದೆಯ ಆಟಕ್ಕೂ ಮಣೆಯ ಆಟಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ನಿಯಮ ಎಲ್ಲಿ ಕೂತಿರುತ್ತದೆ ಎಂಬುದು. ವಿಡಿಯೋ ಗೇಮಿನಲ್ಲಿ ಅದು ಯಂತ್ರದೊಳಗೆ ಬೆಸೆದಿರುತ್ತದೆ. ಸಣ್ಣವನಿಗೆ ಒಂದು ಸಲ ರಿಯಾಯಿತಿ ಕೊಡೋಣ ಎಂದರೆ ಅದಕ್ಕೆ ಗುಂಡಿ ಇಲ್ಲ. ಚೆನ್ನೆಯ ನಿಯಮ ನಮ್ಮ ಮನೆಯಲ್ಲಿ ಒಂದು, ಗೋಪಾಡಿಯ ನೆಂಟರ ಮನೆಯಲ್ಲಿ ಇನ್ನೊಂದು. ಕೂರುವ ಮೊದಲು ಯಾವ ಬಗೆ ಎಂದು ಕೇಳಿಕೊಂಡೇ ಆಟ ಶುರು. ಊನೋ ಎಂಬ ಎಲೆಯಾಟವನ್ನೇ ನೋಡಿ. 1971ರಲ್ಲಿ ಅಮೆರಿಕದ ಒಹಾಯೋದ ಒಬ್ಬ ಕ್ಷೌರಿಕ, ಮರ್ಲ್ ರಾಬಿನ್ಸ್, ಮನೆಮಂದಿಗಾಗಿ ಮಾಡಿದ ಆಟ ಅದು. ಈಗ ಕುಂದಾಪುರದ ಫ್ಯಾನ್ಸಿ ಅಂಗಡಿಗಳಲ್ಲೂ ಸಿಗುತ್ತದೆ. ಕೊಳ್ಳುವವರು ಪ್ಲಾಸ್ಟಿಕ್ ಎಲೆಯದ್ದನ್ನೇ ಕೊಳ್ಳಿ, ಕಾಗದದ್ದು ಜುಲೈಯಲ್ಲಿ ಅಂಟಿಕೊಂಡು ಒಂದೇ ಇಟ್ಟಿಗೆಯಾಗುತ್ತದೆ. ಇದರಲ್ಲಿ ಒಬ್ಬರು 'ನಾಲ್ಕು ಎಲೆ ತೆಗೆ' ಎಂಬ ಎಲೆ ಹಾಕಿದರೆ, ಮುಂದಿನವರು ತಾವೂ ಅದೇ ಎಲೆ ಹಾಕಿ ಎಂಟರ ಹೊರೆಯನ್ನು ಪಕ್ಕದವರಿಗೆ ದಾಟಿಸಬಹುದೇ? ಹಾಗೆ ಮಾಡುವಂತಿಲ್ಲ ಎಂದು ಆಟದ ಕಂಪೆನಿ 2019ರಲ್ಲಿ ಬಹಿರಂಗವಾಗಿಯೇ ಹೇಳಿತು. ಅಕ್ಕನ ಮಗ ಆ ಹೇಳಿಕೆಯನ್ನು ಮೊಬೈಲಿನಲ್ಲಿ ಹುಡುಕಿ ದೊಡ್ಡಮ್ಮನ ಮುಖದ ಮುಂದೆ ಹಿಡಿದ. ಅವರು ಕನ್ನಡಕ ಏರಿಸಿ ಅದನ್ನು ನೋಡಿದರು, ಮೊಬೈಲು ವಾಪಸ್ ಕೊಟ್ಟರು, "ಕಂಪೆನಿಯರ್ ಅವ್ರ ಮನಿಯಂಗೆ ಹಾಂಗೇ ಆಡ್ಲಿ" ಎಂದು ತಮ್ಮ ಎಲೆಯನ್ನು ಅವನದ್ದರ ಮೇಲೆ ಹಾಕಿದರು. ಎಂಟು ಎಲೆ ನನ್ನ ಪಾಲಿಗೆ ಬಂತು.